ಕಲಬುರಗಿಯ ಕಚೇರಿಗೆ ಟಿಪಿ-ಲಿಂಕ್ ಇಎಪಿ225: ಸಾಧನ ಚೆನ್ನಾಗಿದೆ, ಮೊದಲು ಕೇಬಲ್ ನೋಡಿ

ನೆಹರು ಗಂಜ್‌ನ ಅಡತ್ ಅಂಗಡಿಯಿರಲಿ, ಸೂಪರ್ ಮಾರ್ಕೆಟ್ ಹತ್ತಿರದ ಆಡಿಟರ್ ಕಚೇರಿಯಿರಲಿ, ಕಲಬುರಗಿಯ ಹೆಚ್ಚಿನ ಕಡೆ ಕಂಪ್ಯೂಟರ್ ನೆಟ್‌ವರ್ಕ್ ಆಗಲೇ ಇದೆ. ಗೋಡೆಯುದ್ದಕ್ಕೂ ಕೇಸಿಂಗ್ ಪಟ್ಟಿಯೊಳಗೆ ಕೇಬಲ್ ಓಡಿರುತ್ತದೆ, ಮೂಲೆಯಲ್ಲಿ 8 ಅಥವಾ 16 ಪೋರ್ಟಿನ ಸ್ವಿಚ್, ಒಂದು ಕಂಪ್ಯೂಟರಿನಲ್ಲಿ ಟ್ಯಾಲಿ, ಎಲ್ಲರಿಗೂ ಸೇರಿ ಒಂದು ಲೇಸರ್ ಪ್ರಿಂಟರ್. ಈಗ ಲ್ಯಾಪ್‌ಟಾಪ್, ಮೊಬೈಲ್ ಕೂಡ ಅದೇ ನೆಟ್‌ವರ್ಕಿಗೆ ಬರಬೇಕು. ಮುನೀಮರು ತೂಕದ ಕಟ್ಟೆಯ ಹತ್ತಿರ ನಿಂತೇ ಪಟ್ಟಿ ಮಾಡಬೇಕು, ಪ್ರಿಂಟ್ ಒಳಗಿನ ಕೋಣೆಯಲ್ಲಿ ಬರಬೇಕು. ಈ ಕೆಲಸಕ್ಕೆ ಟಿಪಿ-ಲಿಂಕ್‌ನ ಒಮಾಡ ಸಾಲಿನ ಇಎಪಿ225 ಧೈರ್ಯವಾಗಿ ಕೊಳ್ಳಬಹುದಾದ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ ನೆಟ್‌ವರ್ಕನ್ನು ವೈಫೈ ಆಗಿ ಹರಡುವ ಸಾಧನ. ಹೊಸ ಪೀಳಿಗೆಯದಲ್ಲ, ವೈಫೈ 5 ಕಾಲದ್ದು. ಆದರೂ 10ರಿಂದ 30 ಜನರ ಕಚೇರಿಗೆ ಇವತ್ತಿಗೂ ಸಾಕು. ತೊಂದರೆ ಬಂದರೆ ಎರಡು ಕಡೆಯಿಂದ ಬರುತ್ತದೆ: ಗೋಡೆಯಲ್ಲಿರುವ ಹಳೆಯ ಕೇಬಲ್, ಮತ್ತು ನಮ್ಮ ಬೇಸಿಗೆ.

ಮನೆಗೆ ತರುವ ರೂಟರನ್ನೇ ತಂದು ಸ್ವಿಚ್‌ಗೆ ಚುಚ್ಚಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಆಗುತ್ತದೆ, ಆದರೆ ಸರಿಯಾಗಿ ಮಾಡುವವರು ಕಡಿಮೆ. ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಪೋರ್ಟು) ಹಾಕಿದರೆ ಆ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಹುಟ್ಟಿಸುತ್ತದೆ. ಮೊಬೈಲಿಗೆ ಇಂಟರ್ನೆಟ್ ಬರುತ್ತದೆ, ಎಲ್ಲ ಸರಿಯಾಯಿತು ಅನಿಸುತ್ತದೆ; ಲ್ಯಾಪ್‌ಟಾಪಿನಿಂದ ಪ್ರಿಂಟರ್ ಹುಡುಕಿದಾಗ ಅದು ಕಾಣುವುದಿಲ್ಲ, ಹಂಚಿಕೊಂಡ ಫೋಲ್ಡರ್ ಪಟ್ಟಿಯಲ್ಲಿ ಬರುವುದಿಲ್ಲ. ಲ್ಯಾನ್ ಪೋರ್ಟಿಗೆ (ಒಳಗಿನ ಯಂತ್ರಗಳ ಪೋರ್ಟು) ಹಾಕಿ ಡಿಎಚ್‌ಸಿಪಿ, ಅಂದರೆ ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಕೆಲಸ, ನಿಲ್ಲಿಸುವುದನ್ನು ಮರೆತರೆ ಇನ್ನೂ ಕಷ್ಟ. ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚಲು ಕೂರುತ್ತಾರೆ. ಯಾರು ಮೊದಲು ಉತ್ತರ ಕೊಟ್ಟರೋ ಅವರ ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ದಾರಿ) ಆ ಯಂತ್ರಕ್ಕೆ ಸಿಗುತ್ತದೆ. ಬೆಳಿಗ್ಗೆ ಸರಿಯಿದ್ದ ಕಂಪ್ಯೂಟರ್ ಮಧ್ಯಾಹ್ನ ಮರುಚಾಲನೆಯಾದ ಮೇಲೆ ಇಂಟರ್ನೆಟ್ ಕಳೆದುಕೊಳ್ಳುವುದು ಇದರಿಂದಲೇ. ಮನೆಯ ರೂಟರನ್ನೇ ಬಳಸಲೇಬೇಕಾದರೆ ಮೊದಲು ಅದರ ವಿಳಾಸ ಬದಲಿಸಿ (ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2), ಡಿಎಚ್‌ಸಿಪಿ ನಿಲ್ಲಿಸಿ, ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ, ವ್ಯಾನ್ ಪೋರ್ಟ್ ಖಾಲಿ ಬಿಡಿ. ಇಎಪಿ225ಗೆ ಇರುವುದು ಒಂದೇ ಗಿಗಾಬಿಟ್ ಪೋರ್ಟ್. ಅದು ವಿಳಾಸ ಹಂಚಲು ಹೋಗುವುದಿಲ್ಲ, ಬೇರೆ ನೆಟ್‌ವರ್ಕ್ ಕಟ್ಟುವುದೂ ಇಲ್ಲ. ಸ್ವಿಚ್‌ನಲ್ಲಿ ಏನಿದೆಯೋ ಅದನ್ನೇ ಗಾಳಿಗೆ ಬಿಡುತ್ತದೆ. ಹಾಗಾಗಿ ಮೇಲಿನ ಎರಡು ತಪ್ಪುಗಳಿಗೂ ಇಲ್ಲಿ ಜಾಗವೇ ಇಲ್ಲ. ಈ ಒಂದು ಕಾರಣಕ್ಕೇ ಅದಕ್ಕೆ ಹೆಚ್ಚು ದುಡ್ಡು ಕೊಡಬಹುದು.

ಕಾಗದದ ಮೇಲಿನ ಲೆಕ್ಕ ಹೀಗಿದೆ: 2.4 ಗಿಗಾಹರ್ಟ್ಸ್‌ನಲ್ಲಿ 450 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನಲ್ಲಿ 867. ಇದು ರೇಡಿಯೊ ಕೊಂಡಿಯ ವೇಗ. ಫೈಲ್ ನಕಲು ಮಾಡುವಾಗ ಕೈಗೆ ಸಿಗುವುದು ಸುಮಾರು ಅರ್ಧ. ಅದೂ ಹಿಂದಿರುವ ಸ್ವಿಚ್ ಗಿಗಾಬಿಟ್ ಆಗಿದ್ದರೆ ಮಾತ್ರ. ಮೂಲೆಯಲ್ಲಿ ಕೂತಿರುವುದು ಹಳೆಯ 10/100 ಸ್ವಿಚ್ ಆಗಿದ್ದರೆ ಯಾವ ಆಕ್ಸೆಸ್ ಪಾಯಿಂಟ್ ತಂದರೂ 94 ಎಂಬಿಪಿಎಸ್ ಆಸುಪಾಸಿಗೆ ನಿಲ್ಲುತ್ತದೆ. ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್‌ಗೆ ಅಷ್ಟೂ ಬೇಕಿಲ್ಲ. ದೊಡ್ಡ ಸ್ಕ್ಯಾನ್ ಫೈಲುಗಳನ್ನು ಎಳೆದಾಡುವ ಕಚೇರಿಯಾದರೆ ಸ್ವಿಚ್ ಬದಲಿಸುವ ಖರ್ಚನ್ನೂ ಇದರ ಜೊತೆಗೇ ಹಿಡಿಯಿರಿ.

ಇನ್ನು ವಿದ್ಯುತ್ತಿನ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಎಪಿ225ಗೆ ಡೇಟಾ ಹೋಗುವ ಕೇಬಲ್‌ನಲ್ಲೇ ವಿದ್ಯುತ್ತೂ ಹೋಗುತ್ತದೆ, ಅಂದರೆ ಪಿಒಇ. ಎರಡು ದಾರಿಗಳಿವೆ. ಒಂದು, 802.3ಎಎಫ್ ಎಂಬ ಮಾನಕದ ಪಿಒಇ ಸ್ವಿಚ್. ಇದು ಮೊದಲು ಆ ತುದಿಯಲ್ಲಿ ವಿದ್ಯುತ್ ಬೇಡುವ ಸಾಧನ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಕೊಡುತ್ತದೆ, ಪೋರ್ಟಿಗೆ 15.4 ವ್ಯಾಟ್‌ವರೆಗೆ. ಸಾಮಾನ್ಯ ಕಂಪ್ಯೂಟರ್ ಚುಚ್ಚಿದರೆ ಅದಕ್ಕೆ ಏನೂ ಆಗುವುದಿಲ್ಲ. ಇನ್ನೊಂದು, 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್, ಅಂದರೆ ಕೇಬಲಿಗೆ ವಿದ್ಯುತ್ ಸೇರಿಸುವ ಪುಟ್ಟ ಪೆಟ್ಟಿಗೆ. ಇದು ಪೆಟ್ಟಿಗೆಯಲ್ಲೇ ಬರುತ್ತದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ, ಎಲ್ಲ ಆವೃತ್ತಿಗಳ ಪೆಟ್ಟಿಗೆಯೂ ಒಂದೇ ತರಹ ಇರುವುದಿಲ್ಲ. ಪ್ಯಾಸಿವ್ ಇಂಜೆಕ್ಟರ್ ಯಾರನ್ನೂ ಕೇಳುವುದಿಲ್ಲ. ಆನ್ ಮಾಡಿದ ಕ್ಷಣದಿಂದ 4-5ನೇ ತಂತಿಗಳಲ್ಲಿ ಧನ, 7-8ರಲ್ಲಿ ಋಣ ನೂಕುತ್ತಲೇ ಇರುತ್ತದೆ. ಅದರ ಮೇಲೆ ಎರಡು ಪೋರ್ಟ್ ಇವೆ: ಲ್ಯಾನ್ ಎಂದು ಬರೆದದ್ದು ಸ್ವಿಚ್ ಕಡೆಗೆ, ಪಿಒಇ ಎಂದು ಬರೆದದ್ದು ಆಕ್ಸೆಸ್ ಪಾಯಿಂಟ್ ಕಡೆಗೆ. ಅದಲುಬದಲಾದರೆ ಆಕ್ಸೆಸ್ ಪಾಯಿಂಟ್‌ನ ದೀಪ ಹತ್ತುವುದಿಲ್ಲ, 24 ವೋಲ್ಟ್ ಹೋಗಿ ಸ್ವಿಚ್‌ನ ಪೋರ್ಟಿಗೆ ಬಡಿಯುತ್ತದೆ. ದೀಪ ಹತ್ತಲಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಇಂಜೆಕ್ಟರ್ ಇರುವ ಕೇಬಲ್‌ನ ಎರಡೂ ತುದಿಗೆ ಚೀಟಿ ಅಂಟಿಸಿಡಿ, ಮುಂದೆ ಯಾರೋ ಆ ತುದಿಯನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕದಿರಲಿ.

ಹಳೆಯ ಕೇಬಲ್‌ಗಳ ದೊಡ್ಡ ತೊಡಕು ಇಲ್ಲೇ ಬರುತ್ತದೆ. 100 ಎಂಬಿಪಿಎಸ್ ನೆಟ್‌ವರ್ಕ್‌ಗೆ 1, 2, 3, 6ನೇ ತಂತಿಗಳು ಸಾಕು. ಅದಕ್ಕೇ ಅನೇಕ ಕಚೇರಿಗಳಲ್ಲಿ ಉಳಿತಾಯಕ್ಕೆಂದು ಒಂದೇ ಕೇಬಲನ್ನು ಸೀಳಿ ಎರಡು ಕಂಪ್ಯೂಟರಿಗೆ ಕೊಟ್ಟಿರುತ್ತಾರೆ, ಅಥವಾ ನೀಲಿ ಮತ್ತು ಕಂದು ಜೋಡಿಗಳನ್ನು ಕ್ರಿಂಪ್ ಮಾಡದೆ (ಕನೆಕ್ಟರಿನಲ್ಲಿ ಒತ್ತಿ ಕೂರಿಸದೆ) ಕತ್ತರಿಸಿ ಬಿಟ್ಟಿರುತ್ತಾರೆ. ಕಂಪ್ಯೂಟರ್ ಆರಾಮಾಗಿ ನಡೆದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಅಲ್ಲಿಗೆ ಇಎಪಿ225 ಹಾಕಿದಾಗ ಪ್ಯಾಸಿವ್ ಇಂಜೆಕ್ಟರಿನ ವಿದ್ಯುತ್ ಹೋಗಬೇಕಾದ ಆ ಎರಡು ಜೋಡಿಗಳೇ ಇಲ್ಲ. ಸಾಧನ ಸತ್ತಿದೆ ಎಂದು ಅಂಗಡಿಗೆ ಮರಳಿಸುತ್ತಾರೆ. 802.3ಎಎಫ್ ಸ್ವಿಚ್‌ಗಳು ಬಹುತೇಕ 1, 2, 3, 6ರಲ್ಲೇ ವಿದ್ಯುತ್ ಕಳಿಸುವುದರಿಂದ ದೀಪ ಹತ್ತಬಹುದು, ಆದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಕೊಂಡಿ 100ಕ್ಕೇ ಕೂರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಒಂದು ಅಗ್ಗದ ಕೇಬಲ್ ಟೆಸ್ಟರ್ ತಂದು ಎಂಟೂ ದೀಪ ಕ್ರಮವಾಗಿ ಹತ್ತುತ್ತವೆಯೇ ನೋಡಿ. ಹೊಸ ಕನೆಕ್ಟರ್ ಹಾಕುವಾಗ ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಹೊಸ ಕೇಬಲ್ ಎಳೆಯಬೇಕಾದರೆ ಕ್ಯಾಟ್6, ಅಪ್ಪಟ ತಾಮ್ರದ್ದು ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ, ಸಿಸಿಎ ಎನ್ನುವ ಅಗ್ಗದ ಸುರುಳಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಅದರ ರೋಧ ಹೆಚ್ಚು, ಉದ್ದ ಬೆಳೆದಂತೆ ವೋಲ್ಟೇಜ್ ಬೀಳುತ್ತದೆ. ಪ್ಯಾಸಿವ್ ಇಂಜೆಕ್ಟರ್ ಕೊಡುವುದೇ 24 ವೋಲ್ಟ್, ಮೇಲಕ್ಕೆ ಎಳೆದುಕೊಳ್ಳಲು ಅವಕಾಶವಿಲ್ಲ. ಇಂಥ ಕೇಬಲ್‌ನಲ್ಲಿ ಆಕ್ಸೆಸ್ ಪಾಯಿಂಟ್ ಹತ್ತುತ್ತದೆ, ಹತ್ತಾರು ಮೊಬೈಲು ಸೇರಿ ಹೊರೆ ಏರಿದಾಗ ತಾನಾಗಿ ಆರಿ ಮತ್ತೆ ಹತ್ತುತ್ತದೆ. ಚಾಕುವಿನಿಂದ ತಂತಿಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಸ್ವಿಚ್‌ನಿಂದ ಆಕ್ಸೆಸ್ ಪಾಯಿಂಟ್‌ವರೆಗೆ ಒಟ್ಟು 100 ಮೀಟರ್ ಮೀರಬಾರದು.

ಎರಡನೇ ತೊಂದರೆ ಬಿಸಿಲು. ಇಎಪಿ225ಗೆ ಕಂಪನಿ ಹೇಳುವ ಕೆಲಸದ ಉಷ್ಣತೆ 0ಯಿಂದ 40 ಡಿಗ್ರಿ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ನೆರಳೇ 42 ದಾಟುವ ದಿನಗಳು ಬರುತ್ತವೆ. ಮೇಲಂತಸ್ತಿನ ಆರ್‌ಸಿಸಿ ಛಾವಣಿ ಮಧ್ಯಾಹ್ನವಿಡೀ ಕಾದು ಸಂಜೆಯವರೆಗೂ ಬಿಸಿ ಉಗುಳುತ್ತದೆ, ಕೋಣೆಯ ಬಿಸಿಗಾಳಿಯೂ ಮೇಲೇ ಸೇರುತ್ತದೆ. ಕೈಪಿಡಿಯಲ್ಲಿ ತೋರಿಸಿದ ಹಾಗೆ ಛಾವಣಿಗೆ ಅಂಟಿಸಿದರೆ ಸಾಧನ ಆ ಬಿಸಿಯಲ್ಲೇ ಕೂರುತ್ತದೆ. ಕೆಳಗಿನ ಅಂತಸ್ತಿನಲ್ಲಿ ಛಾವಣಿ ಸರಿಯಾದ ಜಾಗ, ಅಲ್ಲಿಂದ ಸಿಗ್ನಲ್ ಕೊಡೆ ಬಿಚ್ಚಿದ ಹಾಗೆ ಕೆಳಗೆ ಹರಡುತ್ತದೆ. ಮೇಲಂತಸ್ತಿನಲ್ಲಿ ಮಾತ್ರ ಛಾವಣಿ ಬಿಟ್ಟು, ಒಂದೂವರೆ-ಎರಡು ಅಡಿ ಕೆಳಗೆ, ಪಡುವಣ ಗೋಡೆ ತಪ್ಪಿಸಿ, ಮುಖ ಕೋಣೆಯೊಳಗೆ ಇರುವಂತೆ ಗೋಡೆಗೆ ಹಾಕಿ. ಹಿಂಬದಿಗೆ ಸಿಗ್ನಲ್ ಕಡಿಮೆಯಾಗುತ್ತದೆ, ಇರಲಿ. ಫಾಲ್ಸ್ ಸೀಲಿಂಗ್ ಮೇಲಿನ ಸಂದಿಯಲ್ಲಿ ಮುಚ್ಚಿಡುವುದಂತೂ ಬೇಡವೇ ಬೇಡ. ಬಿಸಿಯೂ ಹೆಚ್ಚು, ಜಿಐ ಚೌಕಟ್ಟು ಸಿಗ್ನಲ್ಲನ್ನೂ ತಿನ್ನುತ್ತದೆ. ಇಂಜೆಕ್ಟರನ್ನೂ ಗಾಳಿಯಾಡುವ ಕಡೆ ಇಡಿ, ಬಿಸಿಗೆ ಮೊದಲು ಸೋಲುವುದು ಇಂಥ ಪವರ್ ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳು.

ತಗಡಿನ ಶೆಡ್ಡಿರುವ ದಾಲ್‌ಮಿಲ್‌ಗೆ ಇಎಪಿ225 ಬೇಡ. ಅದರದೇ ಸಾಲಿನ ಇಎಪಿ225-ಔಟ್‌ಡೋರ್ ತನ್ನಿ. ಅದು 70 ಡಿಗ್ರಿವರೆಗೆ ತಾಳುವಂತೆ ಮಾಡಿದ್ದು, ಐಪಿ65 ರಕ್ಷಣೆ ಇರುವುದರಿಂದ ತೊಗರಿಯ ಧೂಳು ಒಳಗೆ ಹೋಗುವುದಿಲ್ಲ, ಮಳೆ ನೀರೂ ತಡೆಯುತ್ತದೆ. ರೇಡಿಯೊ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವುದೇ, ಪಿಒಇ ಕೂಡ ಇದೇ ತರಹದ್ದು. ಕಚೇರಿಯಿಂದ ಮಿಲ್ಲಿಗೆ ಅಂಗಳ ದಾಟಿ ತಾಮ್ರದ ಕೇಬಲ್ ಎಳೆಯಬೇಡಿ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಆ ಕೇಬಲ್ ದಾರಿ ಮಾಡಿಕೊಡುತ್ತದೆ, ಎರಡು ಕಟ್ಟಡಗಳ ಅರ್ಥಿಂಗ್ ಬೇರೆಯಾದರೆ ಸಿಡಿಲಿಲ್ಲದೆಯೂ ಪೋರ್ಟುಗಳು ಸುಡಬಹುದು. ನಡುವೆ ಫೈಬರ್ ಹಾಕಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾಮಾನ್ಯ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಇಡಿ. ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ದೂರದ 100 ಮೀಟರ್ ಮಿತಿಯೂ ಹೋಗುತ್ತದೆ. ಅತ್ತ ಕಡೆಯ ಇಂಜೆಕ್ಟರಿಗೆ ಮಿಲ್ಲಿನ ವಿದ್ಯುತ್ತನ್ನೇ ಕೊಡಬೇಕಾಗುತ್ತದೆ, ಆದರೆ ಮೋಟಾರುಗಳ ಸಾಲಿನಿಂದಲ್ಲ, ಬೆಳಕಿನ ಸಾಲಿನಿಂದ.

ಎಷ್ಟು ಬೇಕು ಎನ್ನುವುದನ್ನು ಚದರಡಿಯಿಂದ ಲೆಕ್ಕ ಹಾಕಬೇಡಿ, ಗೋಡೆ ನೋಡಿ ಹಾಕಿ. ಹಳೆಯ ಭಾಗದ ಕಟ್ಟಡಗಳಲ್ಲಿ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆಗಳಿವೆ. ಇಂಥ ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಬಸವಳಿಯುತ್ತದೆ, ಎರಡು ದಾಟಿದರೆ 2.4 ಕೂಡ ಹೆಸರಿಗೆ ಮಾತ್ರ ಉಳಿಯುತ್ತದೆ. ಹೊಸ ಇಟ್ಟಿಗೆ ಗೋಡೆ, ಪ್ಲೈವುಡ್ ಪಾರ್ಟಿಷನ್ ಇರುವ ಕಡೆ ಒಂದೇ ಸಾಧನ ಆರೇಳು ಕೋಣೆ ನೋಡಿಕೊಳ್ಳುತ್ತದೆ. ಕಲ್ಲಿನ ಕಟ್ಟಡದಲ್ಲಿ ಗೋಡೆಯ ಆಚೆಗೊಂದು ಈಚೆಗೊಂದು ಎಂದೇ ಲೆಕ್ಕ. ಪವರ್ ಏರಿಸಿದರೆ ಆಗುವುದಿಲ್ಲವೇ ಎಂದರೆ, ಆಕ್ಸೆಸ್ ಪಾಯಿಂಟ್‌ನ ಮಾತು ಮೊಬೈಲಿಗೆ ಕೇಳಿಸುತ್ತದೆ, ಮೊಬೈಲಿನ ಸಣ್ಣ ರೇಡಿಯೊ ಹೇಳಿದ್ದು ಇದಕ್ಕೆ ಕೇಳಿಸುವುದಿಲ್ಲ. ಕಡ್ಡಿ ತುಂಬಿ ಕಂಡರೂ ಪುಟ ತೆರೆಯುವುದಿಲ್ಲ. ರಿಪೀಟರ್‌ನಿಂದಲೂ ದೂರವಿರಿ, ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಇರುವ ಕಚೇರಿಯಲ್ಲಿ ಅದಕ್ಕೆ ಕಾರಣವೇ ಇಲ್ಲ. ಮೊಬೈಲಿನಲ್ಲಿ ಯಾವುದಾದರೂ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು, ಜನ ಕೂತು ಕೆಲಸ ಮಾಡುವ ಪ್ರತಿ ಮೇಜಿನಲ್ಲೂ ಸಿಗ್ನಲ್ ಬಲ -67 ಡಿಬಿಎಂಗಿಂತ ಉತ್ತಮ ಸಿಗುತ್ತದೆಯೇ ನೋಡಿ, ಅಂದರೆ -60, -55 ಹೀಗೆ. ಮೊಳೆ ಹೊಡೆಯುವ ಮುಂಚೆ ಸಾಧನವನ್ನು ಏಣಿಯ ಮೇಲಿಟ್ಟು ಇದನ್ನು ಅಳೆಯಬಹುದು.

ಮಾಳಿಗೆಗೆ ಶಹಾಬಾದ್ ಫರಸಿ ಹಾಸಿದ ಕಟ್ಟಡವಾದರೆ ತೂತು ಕೊರೆಯುವಾಗ ಎಚ್ಚರ. ಫರಸಿ ಪದರ ಪದರವಾಗಿ ಸೀಳುವ ಕಲ್ಲು. ಅಂಚಿನ ಹತ್ತಿರ ಹ್ಯಾಮರ್ ಹಾಕಿದರೆ ಚಕ್ಕೆ ಏಳುತ್ತದೆ. ಹ್ಯಾಮರ್ ನಿಲ್ಲಿಸಿ ನಿಧಾನ ಕೊರೆಯಿರಿ, ಆಗದಿದ್ದರೆ ತೊಲೆಗೆ ಮರದ ಪಟ್ಟಿ ಬಿಗಿದು ಅದಕ್ಕೆ ಬ್ರಾಕೆಟ್ ಕೂರಿಸಿ. ಸ್ಟೀಲ್ ಕಪಾಟಿನ ನೆತ್ತಿ ಮಾತ್ರ ಜಾಗವಲ್ಲ.

ಸೆಟ್ಟಿಂಗ್ ಕೆಲಸ ಸುಲಭ. ಒಂದೆರಡು ಸಾಧನಕ್ಕೆ ಕಂಟ್ರೋಲರ್ (ಎಲ್ಲ ಆಕ್ಸೆಸ್ ಪಾಯಿಂಟ್‌ಗಳನ್ನೂ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಬೇಕಿಲ್ಲ. ರೂಟರಿನ ಪಟ್ಟಿಯಲ್ಲಿ ಹೊಸದಾಗಿ ಬಂದ ವಿಳಾಸ ಹುಡುಕಿ ಬ್ರೌಸರಿನಲ್ಲಿ ತೆರೆಯಿರಿ. ವಿಳಾಸ ಹಂಚುವವರೇ ಇಲ್ಲದ ನೆಟ್‌ವರ್ಕಾದರೆ ಅದು 192.168.0.254ರಲ್ಲಿ ಕೂತಿರುತ್ತದೆ, ಲ್ಯಾಪ್‌ಟಾಪಿಗೆ 192.168.0.10 ಕೊಟ್ಟು ಒಳಗೆ ಹೋಗಿ, ಪಾಸ್‌ವರ್ಡ್ ಬದಲಿಸಿ. ಭದ್ರತೆಗೆ ಡಬ್ಲ್ಯುಪಿಎ2 ಮತ್ತು ಎಇಎಸ್ ಆರಿಸಿ. ಟಿಕೆಐಪಿ ಎಂಬ ಹಳೆಯ ಬಗೆ ಆರಿಸಿದರೆ ವೇಗ 54 ಎಂಬಿಪಿಎಸ್‌ಗೆ ಬೀಳುತ್ತದೆ. 2.4ರಲ್ಲಿ 20 ಮೆಗಾಹರ್ಟ್ಸ್ ಅಗಲ, ಚಾನಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಇರುವುದು. ಗಂಜ್‌ನಂತಹ ಕಡೆ 40ಕ್ಕೆ ಹೋದರೆ ನಿಮಗೂ ಕಷ್ಟ, ಪಕ್ಕದ ಅಂಗಡಿಗೂ ಕಷ್ಟ. 5ರಲ್ಲಿ ಒಂದೇ ಸಾಧನವಿದ್ದರೆ 80, ಹಲವಿದ್ದರೆ 40, ಚಾನಲ್ 36-48 ಅಥವಾ 149-161. ಪ್ರಿಂಟರ್ 2.4 ಮಾತ್ರ ಬಲ್ಲದ್ದಾದರೆ, ವೈಫೈಗೆ ಎಳೆಯುವ ಗೋಜಿಗೆ ಹೋಗದೆ ಕೇಬಲ್‌ನಲ್ಲೇ ಬಿಡಿ.

ಹಳೆಯ ಟ್ಯಾಲಿ ಕಚೇರಿಗಳಲ್ಲಿ ಎಲ್ಲ ಕಂಪ್ಯೂಟರಿಗೂ ಕೈಯಿಂದಲೇ ಐಪಿ ಬರೆದಿರುತ್ತಾರೆ, ರೂಟರಿನ ಡಿಎಚ್‌ಸಿಪಿ ನಿಂತಿರುತ್ತದೆ. ಅಲ್ಲಿ ಮೊಬೈಲು ವೈಫೈ ಹಿಡಿದು ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎನ್ನುತ್ತಾ ಸುತ್ತುತ್ತಲೇ ಇರುತ್ತದೆ. ರೂಟರಿನಲ್ಲಿ ಡಿಎಚ್‌ಸಿಪಿ ಶುರು ಮಾಡಿ, ಆದರೆ ಕೈಯಿಂದ ಬರೆದ ವಿಳಾಸಗಳು ಅದರ ವ್ಯಾಪ್ತಿಯೊಳಗೆ ಬೀಳದಂತೆ ನೋಡಿ: ಕಂಪ್ಯೂಟರ್, ಪ್ರಿಂಟರ್, ಹಾಜರಾತಿ ಯಂತ್ರಕ್ಕೆ 2ರಿಂದ 99, ವೈಫೈಗೆ 100ರಿಂದ 240. ಇಲ್ಲವಾದರೆ ಯಾರದೋ ಮೊಬೈಲಿಗೆ ಪ್ರಿಂಟರಿನ ವಿಳಾಸ ಸಿಕ್ಕು ಪ್ರಿಂಟ್ ನಿಲ್ಲುತ್ತದೆ. ಬಂದು ಹೋಗುವವರು ಹೆಚ್ಚಿದ್ದರೆ ವಿಳಾಸದ ಅವಧಿಯನ್ನು 24 ಗಂಟೆಯಿಂದ 4 ಗಂಟೆಗೆ ಇಳಿಸಿ. ಇವತ್ತಿನ ಮೊಬೈಲುಗಳು ನೆಟ್‌ವರ್ಕಿಗೊಂದು ಬದಲಿ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ತೋರಿಸುವುದರಿಂದ ಮ್ಯಾಕ್ ಪಟ್ಟಿ ಮಾಡಿ ಕಾವಲು ಕಾಯುವುದರಲ್ಲಿ ಅರ್ಥವಿಲ್ಲ.

ರೈತರು, ಖರೀದಿದಾರರು ಬಂದು ವೈಫೈ ಕೇಳುವ ಕಡೆ ಬೇರೆ ಹೆಸರಿನ ಗೆಸ್ಟ್ ವೈಫೈ ಕೊಡಲೇಬೇಕು, ಲೆಕ್ಕದ ಕಂಪ್ಯೂಟರ್ ಇರುವ ವೈಫೈ ಪಾಸ್‌ವರ್ಡನ್ನು ಗೋಡೆಗೆ ಬರೆಯಬಾರದು. ಇದರಲ್ಲಿನ ಗೆಸ್ಟ್ ನೆಟ್‌ವರ್ಕ್ ಆಯ್ಕೆ ಒತ್ತಿದರೆ, 192.168, 10 ಮುಂತಾದ ಒಳಗಿನ ವಿಳಾಸಗಳಿಗೆ ಹೋಗುವ ದಾರಿ ಮುಚ್ಚುತ್ತದೆ, ಇಂಟರ್ನೆಟ್ ಮಾತ್ರ ಸಿಗುತ್ತದೆ. ಮಾಮೂಲಿ ಸ್ವಿಚ್ ಇದ್ದರೂ ಇದು ನಡೆಯುತ್ತದೆ, ನನಗೆ ಈ ಸಾಧನದಲ್ಲಿ ಬಹಳ ಹಿಡಿಸುವ ಅಂಶ ಇದೇ. ವಿಲ್ಯಾನ್ (ಒಂದೇ ಕೇಬಲ್‌ನಲ್ಲಿ ನೆಟ್‌ವರ್ಕುಗಳನ್ನು ಬೇರೆಯಾಗಿಡುವ ವ್ಯವಸ್ಥೆ) ಸಂಖ್ಯೆ ಹಾಕಲು ಹೋಗಬೇಡಿ. ಅದಕ್ಕೆ ಸ್ವಿಚ್, ರೂಟರ್ ಎರಡೂ ವಿಲ್ಯಾನ್ ಬಲ್ಲವಾಗಿರಬೇಕು. ಇಲ್ಲದಿದ್ದರೆ ಗೆಸ್ಟ್‌ಗೆ ಐಪಿಯೇ ಸಿಗುವುದಿಲ್ಲ. ಹಾಕಿದ ಮೇಲೆ ಗೆಸ್ಟ್‌ಗೆ ಸೇರಿ ಪ್ರಿಂಟರಿನ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬರಬಾರದು. 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ತಲಾ 8 ವೈಫೈ ಹೆಸರುಗಳವರೆಗೆ ಇಡಬಹುದಾದರೂ ಎರಡೇ ಸಾಕು, ಪ್ರತಿ ಹೆಸರೂ ತನ್ನನ್ನು ಸಾರುತ್ತಾ ಗಾಳಿಯ ಸಮಯ ತಿನ್ನುತ್ತದೆ.

ಮೂರಕ್ಕಿಂತ ಹೆಚ್ಚು ಸಾಧನಗಳಿದ್ದರೆ, ನಡೆದಾಡುತ್ತಾ ಕರೆ ತುಂಡಾಗಬಾರದು ಎಂದಿದ್ದರೆ ಒಮಾಡ ಕಂಟ್ರೋಲರ್ ಬೇಕು. ಸಾಫ್ಟ್‌ವೇರ್ ರೂಪದ್ದು ಉಚಿತ, ಸದಾ ಚಾಲೂ ಇರುವ ಒಂದು ಕಂಪ್ಯೂಟರ್ ಬೇಕಾಗುತ್ತದೆ. ಅದು ಬೇಡವಾದರೆ ಒಸಿ200 ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಕಂಟ್ರೋಲರ್‌ಗೆ ಸೇರಿಸಿದ ಕೂಡಲೇ ಮೊದಲು ಮಾಡಿದ್ದ ಸೆಟ್ಟಿಂಗುಗಳು ಹೋಗಿ ಕಂಟ್ರೋಲರಿನವು ಬರುತ್ತವೆ. ಹೀಗಾಗಿ ಈ ಕೆಲಸವನ್ನು ವಹಿವಾಟಿನ ಹೊತ್ತಿನಲ್ಲಿ ಮಾಡಬೇಡಿ.

ಕರೆಂಟ್ ಹೋದಾಗಲೂ ವೈಫೈ ಬೇಕಾದರೆ ಇಂಜೆಕ್ಟರ್, ಸ್ವಿಚ್, ರೂಟರ್, ಫೈಬರಿನ ಓಎನ್‌ಟಿ ಪೆಟ್ಟಿಗೆ ಎಲ್ಲವೂ ಒಂದೇ ಯುಪಿಎಸ್ ಮೇಲಿರಬೇಕು. ಒಂದು ಬಿಟ್ಟರೂ ಉಳಿದವು ಹತ್ತಿ ಪ್ರಯೋಜನವಿಲ್ಲ. ಎಲ್ಲ ಸೇರಿ 30-40 ವ್ಯಾಟ್ ಅಷ್ಟೇ, ಕಂಪ್ಯೂಟರ್‌ಗಳ ಯುಪಿಎಸ್‌ಗಿಂತ ಬೇರೆಯಾಗಿ ಒಂದು 600 ವಿಎ ಇಟ್ಟರೆ ಸುಖ. ಫರ್ಮ್‌ವೇರ್ ಏರಿಸುವುದೂ ಈ ಯುಪಿಎಸ್ ಇದ್ದಾಗಲೇ. ನಡುವೆ ವಿದ್ಯುತ್ ಹೋದರೆ ಸಾಧನ ಏಳದೆ ಉಳಿಯಬಹುದು. ಫೈಲ್ ಇಳಿಸಿಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಗೆ ಹೊಂದುವುದನ್ನೇ ತೆಗೆದುಕೊಳ್ಳಿ. ಒಂದು ಆವೃತ್ತಿಯದು ಇನ್ನೊಂದಕ್ಕೆ ಆಗುವುದಿಲ್ಲ.

ಒಂದೇ ಹಾಲ್‌ನಲ್ಲಿ 40-50 ಜನ ಕೂರುವ ಕೋಚಿಂಗ್ ತರಗತಿ ಅಥವಾ ಕಾಲೇಜಿನ ಲ್ಯಾಬಿಗೆ ಇಎಪಿ225 ಹೇಳುವುದಿಲ್ಲ. ಅಲ್ಲಿಗೆ ವೈಫೈ 6ರ ಇಎಪಿ610 ನೋಡಿ. ಅದು ಎಎಫ್‌ಗಿಂತ ಹೆಚ್ಚು ವಿದ್ಯುತ್ ಕೊಡುವ 802.3ಎಟಿ ಪಿಒಇ ಕೇಳುತ್ತದೆ. ಇಎಪಿ225ಗೆಂದು ತಂದ 24 ವೋಲ್ಟಿನ ಇಂಜೆಕ್ಟರ್ ಅದಕ್ಕೆ ನಡೆಯದು, ಎಎಫ್ ಮಾತ್ರ ಕೊಡುವ ಸ್ವಿಚ್ಚೂ ಸಾಲದು. ಮುಂದೊಂದು ದಿನ ಅದಕ್ಕೇ ಹೋಗುವ ಯೋಚನೆ ಇರುವವರು ಈಗ ಪಿಒಇ ಸ್ವಿಚ್ ಕೊಳ್ಳುವಾಗಲೇ ಎಟಿ ಇರುವುದನ್ನು ಆರಿಸಿ, ಪ್ರತಿ ಪೋರ್ಟಿಗಲ್ಲದೆ ಸ್ವಿಚ್‌ನ ಒಟ್ಟು ವ್ಯಾಟ್ ಎಷ್ಟೆಂದು ಕೇಳಿ ತನ್ನಿ.